ಪೆಡ್ಡರ್ ರೋಡಿನ ಏರು, ಬಾಸ್ಟನ್ನಿನ ಎರಡು ಸೆಕೆಂಡು

ಶುಕ್ರವಾರ

ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್. ಮಾವನ ಮಗಳು ಪುಟ್ಟಿ ಈ ಸಲ ಅರ್ಧ ಅಲ್ಲ, ಪೂರ್ತಿ 42.195 ಕಿಲೋಮೀಟರಿಗೇ ಹೆಸರು ಕೊಟ್ಟಿದ್ದಳು. ಅವಳು ಓಡುವುದನ್ನು ನೋಡಬೇಕು, ಓಟದ ದಾರಿಯಲ್ಲೇ ನಿಂತು ಮಾವನ ಬಾಯಿಂದ 1982ರ ಬಾಸ್ಟನ್ ಮ್ಯಾರಥಾನಿನ ಕಥೆ ಕೇಳಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ. ರಾತ್ರಿಗೆ ಮನೆಯ ಬುತ್ತಿ ಇತ್ತು, ಒಳ್ಳೆ ನಿದ್ದೆಯೂ ಬಂತು. ಠಾಣೆ ದಾಟುವಾಗ ಕಿಟಕಿಯಿಂದ ತಣ್ಣನೆ ಗಾಳಿ ನುಗ್ಗಿತು. ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಕೂಲಿಗಳೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದರು. ಮುಂಬೈಗೆ ಚಳಿ ಅಂದರೆ ಜನವರಿಯ ಈ ಕೆಲವು ವಾರ ಅಷ್ಟೇ.

ಟರ್ಮಿನಸ್‌ನಿಂದ ಚೆಂಬೂರಿಗೆ ದೂರವೇನೂ ಇಲ್ಲ. ಪ್ಲಾಟ್‌ಫಾರಂವರೆಗೆ ಬಂದು ಕರೆಯುವ ಆಟೋದವರಿಗೆ ಸಿಗಬೇಡಿ, ಹೊರಗೆ ಸಾಲಿನಲ್ಲಿ ನಿಂತು ಮೀಟರ್ ಹಾಕಿಸಿಕೊಂಡೇ ಹೊರಡಿ. ಅರ್ಧ ಗಂಟೆಯೊಳಗೆ ಮಾವನ ಮನೆಯಲ್ಲಿ ಅತ್ತೆಯ ಕೈಯ ನೀರುದೋಸೆ ತಿನ್ನುತ್ತಿದ್ದೆ.

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಕೋಟೆ ಭಾಗದ ಒಂದು ಉಡುಪಿ ಹೋಟೆಲ್ ಸೇರಿದವರು. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದುವುದು. ನಮ್ಮ ಕರಾವಳಿಯಿಂದ ಮುಂಬೈಗೆ ಹೋದ ಎಷ್ಟೋ ಹುಡುಗರು ಹೀಗೇ ಓದಿ ಗುಮಾಸ್ತರಾದರು, ವಕೀಲರಾದರು, ತಾವೇ ಹೋಟೆಲ್ ಮಾಲೀಕರೂ ಆದರು. ಮಾವ ಮ್ಯಾಟ್ರಿಕ್ ಮುಗಿಸಿ ಒಂದು ಆಫೀಸು ಸೇರಿದರು. ಬೆಳಗ್ಗೆ ಹೋಟೆಲ್ ತೆರೆಯುವ ಮೊದಲು ಮರೀನ್ ಡ್ರೈವ್‌ನಲ್ಲಿ ಓಡುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. ಕ್ಯಾನ್ವಾಸ್ ಬೂಟು, ಖಾಕಿ ಚಡ್ಡಿ, ಚರ್ಚ್‌ಗೇಟಿನಿಂದ ಚೌಪಾಟಿಗೆ ಹೋಗಿ ವಾಪಸ್. ಜೊತೆಗೆ ಅದೇ ಹೋಟೆಲಿನ ಇನ್ನೊಬ್ಬ ಹುಡುಗ. ಇಬ್ಬರೂ ದಿನಾ ಪಂದ್ಯ ಕಟ್ಟಿ ಓಡುವುದು.

1982ರ ಕೊನೆಯಲ್ಲಿ ಫ್ಲೋರಾ ಫೌಂಟನ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಅವರಿಗೆ ಒಂದು ಅಮೆರಿಕನ್ ಪತ್ರಿಕೆ ಸಿಕ್ಕಿತು. ಆ ವರ್ಷ ಏಪ್ರಿಲ್ 19ರಂದು ನಡೆದ ಬಾಸ್ಟನ್ ಮ್ಯಾರಥಾನಿನ ಚಿತ್ರಗಳು ಅದರಲ್ಲಿದ್ದವು. ಡಿಕ್ಷನರಿ ಇಟ್ಟುಕೊಂಡು ಓದಿ ಮುಗಿಸಿದರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯ ಮಕ್ಕಳೆಲ್ಲ ಆ ಓಟ ಗೆದ್ದ ಅಲ್ಬರ್ಟೊ ಸಲಜಾರ್, ಎರಡನೆಯವನಾಗಿ ಬಂದ ಡಿಕ್ ಬಿಯರ್ಡ್‌ಸ್ಲಿ ಅನ್ನುವ ಎರಡು ಹೆಸರು ಕೇಳಿಕೊಂಡೇ ಬೆಳೆದೆವು.

ಮಧ್ಯಾಹ್ನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಹೋಗಿ ಪುಟ್ಟಿಯ ಬಿಬ್, ಅಂದರೆ ಎದೆಗೆ ಸಿಕ್ಕಿಸುವ ನಂಬರಿನ ಚೀಟಿ, ತಂದೆವು. ಓಟದ ದಿನ ಬಿಬ್ ಕೊಡುವುದಿಲ್ಲ, ಗುರುತಿನ ಚೀಟಿ ಹಿಡಿದು ಮೊದಲೇ ಹೋಗಬೇಕು. ಶನಿವಾರಕ್ಕಿಂತ ಶುಕ್ರವಾರ ರಶ್ಶು ಕಡಿಮೆ. ವಾಪಸ್ ಬರುವಾಗ ಕುರ್ಲಾದ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಹೋಯಿತು. ಅದನ್ನು ಬರೆದು ಪ್ರಯೋಜನವಿಲ್ಲ.

ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಪುಟ್ಟಿಗೆ ಮಾತ್ರ ಸಪ್ಪೆ ತೊವ್ವೆ, ಬಟಾಟೆ. ಓಟಕ್ಕೆ ಮೊದಲು ಖಾರ ಬೇಡ ಅಂತ ಅತ್ತೆಯ ಕಟ್ಟಪ್ಪಣೆ. ಊಟ ಆದ ಮೇಲೆ ಮಾವ ಕೇಳಿದರು: "ಗೆದ್ದವನ ಟೈಮ್ ಎಷ್ಟು, ಹೇಳು?"

"2 ಗಂಟೆ 8 ನಿಮಿಷ 52 ಸೆಕೆಂಡು."

"ಸೋತವನದ್ದು?"

"2 ಗಂಟೆ 8 ನಿಮಿಷ 54 ಸೆಕೆಂಡು."

"ಸರಿ. ಉಳಿದದ್ದು ನಾಳೆ ದಾರಿಯಲ್ಲಿ ಹೇಳ್ತೆ. ಕೂತು ಹೇಳುವ ಕಥೆ ಅಲ್ಲ ಅದು."

ಶನಿವಾರ

ಪುಟ್ಟಿ ಮನೆಯಲ್ಲೇ ಕಾಲು ಚಾಚಿ ಮಲಗಿದ್ದಳು. ನಾನು, ಮಾವ ಬೆಳಗ್ಗೆಯೇ ಮಾಟುಂಗಾಕ್ಕೆ ಹೊರಟೆವು. ಸ್ಟೇಷನ್ ಹೊರಗಿನ ಹೂವಿನ ಸಾಲಿನಲ್ಲಿ ಮಲ್ಲಿಗೆ, ಕನಕಾಂಬರ, ಬಾಳೆ ಎಲೆಯ ಕಟ್ಟು. ಕನ್ನಡ, ತಮಿಳು, ಕೊಂಕಣಿ ಎಲ್ಲ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ. ಮಧ್ಯಾಹ್ನ ಇದ್ದಿದ್ದರೆ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆ ಎಲೆ ಊಟ ಮಾಡಬಹುದಿತ್ತು. ನೀವು ಹೋಗುವುದಾದರೆ ಹಸಿದುಕೊಂಡು ಹೋಗಿ, ಅವಸರ ಮಾಡಬೇಡಿ.

ನಾವು ಹೋದದ್ದು ಮಾವನ ಗೆಳೆಯರ ಚಿಕ್ಕ ಹೋಟೆಲಿಗೆ. ಮರೀನ್ ಡ್ರೈವ್‌ನಲ್ಲಿ ಜೊತೆಗೆ ಓಡುತ್ತಿದ್ದ ಹುಡುಗ ಇವರೇ. ಈಗ ಎಲ್ಲರಿಗೂ ಶೆಟ್ರು. ಗಲ್ಲಾಪೆಟ್ಟಿಗೆಯ ಮೇಲೆ 'ಕರ್ನಾಟಕ ಮಲ್ಲ' ಪತ್ರಿಕೆ ಹರಡಿಕೊಂಡು ಕೂತಿದ್ದರು. ನಮ್ಮನ್ನು ಕಂಡ ಕೂಡಲೇ ಎರಡು ಪ್ಲೇಟ್ ಇಡ್ಲಿ-ಸಾಂಬಾರ್, ಎರಡು ಕಾಪಿ ಅಂತ ಒಳಗೆ ಕೂಗಿದರು. ಇಡ್ಲಿ ಬಿಸಿಬಿಸಿ ಇತ್ತು, ಸಾಂಬಾರಿನಲ್ಲಿ ಕೊತ್ತಂಬರಿ ಬೀಜ ಹುರಿದು ಹಾಕಿದ ಘಮ.

"ನಿನ್ನ ಮಾವ ಒಂದು ದಿನವೂ ನನ್ನನ್ನು ಗೆದ್ದವ ಅಲ್ಲ, ಗೊತ್ತುಂಟಾ?" ಅಂದರು ಶೆಟ್ರು.

"ಮುಂದೆ ಓಡಿದ್ದು ಯಾರು? ಚೌಪಾಟಿಯಿಂದ ವಾಪಸ್ ಬರುವಾಗ ಅಷ್ಟೂ ದೂರ ನಾನೇ ಮುಂದೆ. ಇವ ನನ್ನ ಬೆನ್ನ ಹಿಂದೆ. ಚರ್ಚ್‌ಗೇಟ್ ಕಾಣುತ್ತಿದ್ದ ಹಾಗೆ ಹಾರಿ ಮುಂದೆ ಹೋಗುವುದು," ಮಾವ ಸ್ವರ ಏರಿಸಿದರು.

"ಓಟದಲ್ಲಿ ಕಡೆಗೆ ಮುಂದೆ ಇದ್ದವನೇ ಗೆದ್ದವ."

ನನಗೆ ಆಗ ಹೊಳೆಯಿತು, ಮಾವ ಬಿಯರ್ಡ್‌ಸ್ಲಿಯನ್ನು ಇಷ್ಟು ಹಚ್ಚಿಕೊಂಡದ್ದು ಯಾಕೆ ಅಂತ. ಬಾಸ್ಟನ್ನಿನಲ್ಲೂ ನಡೆದದ್ದು ಇದೇ. ನ್ಯೂಟನ್ ಅನ್ನುವ ಊರಿನ ಏರುಗಳಿಂದ ಹಿಡಿದು ಕೊನೆಯ ಮೈಲಿಯವರೆಗೆ ಮುಂದೆ ಇದ್ದವ ಬಿಯರ್ಡ್‌ಸ್ಲಿ. ಸಲಜಾರ್ ಅವನ ಬೆನ್ನಿಗೇ ಅಂಟಿಕೊಂಡಿದ್ದ. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಬಿಯರ್ಡ್‌ಸ್ಲಿ ತಿರುಗಿ ನೋಡುತ್ತಲೇ ಇರಲಿಲ್ಲ. ರಸ್ತೆಯ ಮೇಲೆ ತನ್ನ ನೆರಳಿನ ಪಕ್ಕ ಸಲಜಾರನ ನೆರಳು ಎಲ್ಲಿದೆ ಅಂತ ನೋಡಿಕೊಂಡು ಓಡಿದ.

"ಗೆದ್ದವನಿಗೆ ಎಷ್ಟು ಕೊಟ್ಟರಂತೆ?" ಶೆಟ್ರು ಕೇಳಿದರು.

"ಒಂದು ಡಾಲರ್ ಇಲ್ಲ. ಬಾಸ್ಟನ್ನಿನಲ್ಲಿ ದುಡ್ಡಿನ ಬಹುಮಾನ ಶುರುವಾದದ್ದೇ 1986ರಲ್ಲಿ. ಇವರು ಓಡುವಾಗ ತಲೆಗೆ ಎಲೆಯ ಕಿರೀಟ, ಅಷ್ಟೇ."

ಶೆಟ್ರು ಕಾಪಿಗೆ ದುಡ್ಡು ತಗೊಳ್ಳಲಿಲ್ಲ. ಭಾನುವಾರ ಬೆಳಗ್ಗೆ ಹೋಟೆಲ್ ಬಿಟ್ಟು ಬರಲಿಕ್ಕೆ ಆಗಲ್ಲ, ಮಗುವಿಗೆ ಒಳ್ಳೆದಾಗಲಿ ಅಂತ ಹೇಳಿ ಕಳುಹಿಸಿದರು.

ದಾದರಿನ ತಿಲಕ್ ಸೇತುವೆ ದಾಟಿ ಶಿವಾಜಿ ಪಾರ್ಕಿಗೆ ಬಂದೆವು. ಮೈದಾನದ ತುಂಬ ಕ್ರಿಕೆಟ್ ಹುಡುಗರು. ಒಂದು ಮೂಲೆಯಲ್ಲಿ ಕೂತು ಕಡಲೆಕಾಯಿ ತಿಂದೆವು. ಇಲ್ಲಿ ಮಾವ ಶಿವನಾಥ್ ಸಿಂಗ್ ಹೆಸರು ತೆಗೆದರು. ಬಿಹಾರದ ಬಕ್ಸರ್ ಕಡೆಯ ಸೈನಿಕ, ಬರಿಗಾಲಲ್ಲಿ ಓಡುತ್ತಿದ್ದವ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 11ನೇ ಸ್ಥಾನ. 1978ರಲ್ಲಿ ಜಲಂಧರಿನಲ್ಲಿ ಸರಿಯಾಗಿ 2 ಗಂಟೆ 12 ನಿಮಿಷ. ಆ ಭಾರತೀಯ ದಾಖಲೆ ನಾಲ್ಕು ದಶಕಕ್ಕೂ ಜಾಸ್ತಿ ಕಾಲ ಅಲುಗಲಿಲ್ಲ. "1982ರ ಬಾಸ್ಟನ್ನಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದವ ಯಾರು? ಬಿಲ್ ರಾಜರ್ಸ್. ನಾಲ್ಕು ಸಲ ಬಾಸ್ಟನ್ ಗೆದ್ದ ಮನುಷ್ಯ. ಅವನ ಟೈಮ್ ಆ ದಿನ 2:12:38. ನಮ್ಮ ಶಿವನಾಥನದ್ದು ಅದಕ್ಕಿಂತ ಒಳ್ಳೆ ಟೈಮ್ ಮಾರಾಯ. ನಮ್ಮಲ್ಲಿ ಅವನ ಹೆಸರು ಎಷ್ಟು ಮಕ್ಕಳಿಗೆ ಗೊತ್ತು?" ಮಾವನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಗಂಟಲು ಕಟ್ಟಿತು.

ಅಲ್ಲಿಂದ ಸಿದ್ಧಿವಿನಾಯಕ, ಪ್ರಭಾದೇವಿ, ವರ್ಲಿ. ಊರಿನ 'ಬೆಸ್ಟ್' ಬಸ್ಸಿನ ಕಿಟಕಿಯಿಂದ ಮಾವ ಒಂದೊಂದು ಗಾಜಿನ ಕಟ್ಟಡ ತೋರಿಸಿ ಇಲ್ಲೊಂದು ಮಿಲ್, ಅಲ್ಲೊಂದು ಚಾಳ್ ಅನ್ನುತ್ತಿದ್ದರು. 1982ರ ಜನವರಿ 18ಕ್ಕೆ ಗಿರಣಿ ಮುಷ್ಕರ ಶುರುವಾದದ್ದು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಆ ವರ್ಷ ಬೆಳಗ್ಗೆ ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗುತ್ತಿರಲಿಲ್ಲವಂತೆ. ಅದರ ಸದ್ದಿಗೇ ಏಳುತ್ತಿದ್ದವರು ಪರೇಲ್, ವರ್ಲಿಯ ಜನ. ಹೋಟೆಲಿನಲ್ಲಿ ಕಟಿಂಗ್ ಚಾ ಕುಡಿದು ನಾಳೆ ಕೊಡ್ತೇನೆ ಅಂದವರ ಲೆಕ್ಕದ ಪುಸ್ತಕ ತುಂಬಿ ಹೋಗಿತ್ತಂತೆ. ಬಾಸ್ಟನ್ನಿನ ಪತ್ರಿಕೆ ಓದುತ್ತಿದ್ದ ಆ ಹುಡುಗನ ಸುತ್ತ ಊರು ಹೀಗಿತ್ತು. ಇದನ್ನು ಮಾವ ಮೊದಲ ಸಲ ಹೇಳಿದ್ದು.

ಹಾಜಿ ಅಲಿಯ ಹತ್ತಿರ ಇಳಿದೆವು. ದರ್ಗಾದ ದಾರಿ ನೀರಿನ ಮೇಲೆ ಎದ್ದು ಕಾಣುತ್ತಿತ್ತು, ಆಗ ಸಮುದ್ರ ಇಳಿತದಲ್ಲಿತ್ತು. ಉಬ್ಬರದ ಹೊತ್ತಿಗೆ ಆ ದಾರಿ ಮುಳುಗುತ್ತದೆ, ಹೋಗುವವರು ಹೊತ್ತು ವಿಚಾರಿಸಿಕೊಂಡು ಹೋಗಬೇಕು. ನಾವು ಪೆಡ್ಡರ್ ರೋಡ್ ಹತ್ತಲು ಶುರು ಮಾಡಿದೆವು. ಬೋರ್ಡಿನ ಮೇಲೆ ಡಾಕ್ಟರ್ ಗೋಪಾಲರಾವ್ ದೇಶಮುಖ್ ಮಾರ್ಗ ಅಂತ ಇರುತ್ತದೆ. ಲತಾ ಮಂಗೇಶ್ಕರ್ ಇದ್ದ ಪ್ರಭುಕುಂಜ್ ಇದೇ ರಸ್ತೆಯಲ್ಲಿ.

ಕಾರಿನಲ್ಲಿ ಹೋಗುವವರಿಗೆ ಇದು ಏರು ಅಂತಲೇ ಗೊತ್ತಾಗಲ್ಲ. ಆದರೆ ಮ್ಯಾರಥಾನಿನಲ್ಲಿ ಎರಡನೇ ಸಲ ಇಲ್ಲಿಗೆ ಬರುವಾಗ ಕಾಲಿಗೆ 35 ಕಿಲೋಮೀಟರ್ ಆಗಿರುತ್ತದೆ. ಬಾಸ್ಟನ್ನಿನ ಹಾರ್ಟ್‌ಬ್ರೇಕ್ ಹಿಲ್ ಕೂಡ ಹೀಗೇ. ನ್ಯೂಟನ್ನಿನ ನಾಲ್ಕು ಏರುಗಳಲ್ಲಿ ಕೊನೆಯದು. ಎತ್ತರ 27 ಮೀಟರ್ ಅಷ್ಟೇ. ಬರುವ ಜಾಗ ಮಾತ್ರ ಕೆಟ್ಟದ್ದು, ಸುಮಾರು 33ನೇ ಕಿಲೋಮೀಟರಿನಲ್ಲಿ. ಅಲ್ಲೇ ಬಿಯರ್ಡ್‌ಸ್ಲಿ ಮತ್ತೆ ಮತ್ತೆ ವೇಗ ಏರಿಸಿ ಸಲಜಾರನನ್ನು ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ.

ಅರ್ಧ ಏರಿನಲ್ಲಿ ಫುಟ್‌ಪಾತ್ ಅಗೆದು ಹಾಕಿದ್ದರು. ಕಲ್ಲಿಗೆ ಸಿಕ್ಕಿ ಮಾವನ ಚಪ್ಪಲಿಯ ಪಟ್ಟಿ ಕಿತ್ತುಬಂತು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈ ನನ್ನ ಹೆಗಲ ಮೇಲೆ. ಹಾಗೇ ಕೆಂಪ್ಸ್ ಕಾರ್ನರಿನವರೆಗೆ ನಡೆದೆವು. ಅಲ್ಲಿ ಫ್ಲೈಓವರ್ ಕೆಳಗೆ ಚಪ್ಪಲಿ ಹೊಲಿಯುವವರೊಬ್ಬರು ಕೂತಿದ್ದರು. ನಾನು ಹಿಂದಿಯಲ್ಲಿ ರೇಟು ಕೇಳಿದೆ. ಮಾವ ನನಗೆ ಕನ್ನಡದಲ್ಲಿ ಏನೋ ಅಂದರು. ಅವರು ತಲೆ ಎತ್ತಿ, "ಯಾವೂರ್ರಿ ನಿಮ್ದು?" ಅಂದರು. ವಿಜಯಪುರ ಜಿಲ್ಲೆಯವರು! ಬರಗಾಲದ ವರ್ಷ ಅಪ್ಪನ ಜೊತೆ ಬಂದವರು ಇಲ್ಲೇ ಉಳಿದರಂತೆ.

"ನಾಳಿ ಓಟ ಐತಲ್ರಿ. ಮುಂಜಾನಿ ಲಗೂನ ಬಂದು ಕುಂಡ್ರತೀನಿ. ಬೂಟಿನ ತಳ ಕಿತ್ತವರು ಒಬ್ರಿಬ್ರು ಬಂದೇ ಬರ್ತಾರ. ದಬ್ಬಣ, ಅಂಟು ಎಲ್ಲಾ ರೆಡಿ ಇಟ್ಕೊಂಡಿರ್ತೀನಿ. ಓಡೋರ ಕಡಿಂದ ರೊಕ್ಕ ತಗೊಳಂಗಿಲ್ರಿ ಅವತ್ತು."

ದಪ್ಪ ದಾರಕ್ಕೆ ಮೇಣ ಉಜ್ಜಿ, ದಬ್ಬಣದಿಂದ ತೂತು ಮಾಡಿ, ಎರಡೂ ಕಡೆಯಿಂದ ದಾರ ಎಳೆದು ಬಿಗಿದರು. ಹೊಲಿಗೆ ಮುಗಿದ ಮೇಲೆ ಪಟ್ಟಿಯನ್ನು ಎರಡು ಸಲ ಜಗ್ಗಿ ನೋಡಿ, ಸುತ್ತಿಗೆಯಿಂದ ಹೊಲಿಗೆಯ ಮೇಲೆ ಮೆಲ್ಲಗೆ ಬಡಿದು ಕೊಟ್ಟರು. ಮಾವ ಅವರಿಗೂ ಬಾಸ್ಟನ್ ಕಥೆ ಹೇಳಿದರು. ಅವರು ಪೂರ್ತಿ ಕೇಳಿದರು.

ಭಾನುವಾರ

ಮ್ಯಾರಥಾನ್ ದಿನ ನಸುಕಿಗೆ ಮೊದಲೇ ವಿಶೇಷ ಲೋಕಲ್‌ಗಳು ಇರುತ್ತವೆ. ಚೆಂಬೂರಿನಿಂದ ಹಾರ್ಬರ್ ಲೈನ್ ಹಿಡಿದು ಓಟ ಹೊರಡುವ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬಂದೆವು. ಡಬ್ಬಿಯ ತುಂಬ ಓಟಗಾರರು. ಕಾಲಿಗೆ ವ್ಯಾಸಲಿನ್ ಹಚ್ಚುವವರು, ಬಾಳೆಹಣ್ಣು ತಿನ್ನುವವರು, ಕಣ್ಣು ಮುಚ್ಚಿ ಮಂತ್ರ ಹೇಳಿಕೊಳ್ಳುವವರು. ಸ್ಟೇಷನ್ ಹೊರಗೆ ದೀಪದ ಬೆಳಕಿನಲ್ಲಿ ಆ ಹಳೇ ಕಟ್ಟಡ ನೋಡಲು ಎರಡು ಕಣ್ಣು ಸಾಲದು. ಪುಟ್ಟಿಗೆ ಮಾವ ಒಂದೇ ಮಾತು ಹೇಳಿದರು: "ದಾರಿಯಲ್ಲಿ ನೀರು ಕೊಡುವ ಪ್ರತಿ ಜಾಗದಲ್ಲೂ ಕುಡಿ. ಬಾಯಾರಿಕೆ ಆಗದಿದ್ದರೂ ಕುಡಿ."

ಇದಕ್ಕೆ ಕಾರಣ ಉಂಟು. ಆ ದಿನ ಬಾಸ್ಟನ್ನಿನಲ್ಲಿ ಓಟ ಶುರುವಾದದ್ದು ಮಧ್ಯಾಹ್ನ 12ಕ್ಕೆ. ಮೋಡವಿಲ್ಲದ ಆಕಾಶ, ಬಿಸಿಲು. ನಮಗೆ ಆ ಸೆಕೆ ಏನೂ ಅಲ್ಲ, ಆದರೆ ಚಳಿಗಾಲದಲ್ಲಿ ತಯಾರಿ ಮಾಡಿದವರಿಗೆ ಅದು ಜಾಸ್ತಿ. ಬಿಯರ್ಡ್‌ಸ್ಲಿ ನೀರು ಕುಡಿಯುತ್ತಾ, ಮೈಮೇಲೆ ಹೊಯ್ದುಕೊಳ್ಳುತ್ತಾ ಓಡಿದ. ಸಲಜಾರ್ ಹೆಚ್ಚುಕಡಿಮೆ ಏನೂ ಕುಡಿಯಲೇ ಇಲ್ಲ. ಮುಗಿದ ಮೇಲೆ ಅವನ ಮೈ ತಣ್ಣಗಾಗಿ ಬಿಟ್ಟಿತು, ಆರು ಲೀಟರ್ ಸಲೈನ್ ಏರಿಸಬೇಕಾಯಿತು. ಅದಕ್ಕೂ ಮೊದಲು, 1978ರಲ್ಲಿ ಅಮೆರಿಕದ ಫಾಲ್ಮತ್ ಊರಿನ ಓಟದಲ್ಲಿ ಬಿಸಿಲಿನ ಹೊಡೆತಕ್ಕೆ ಮೈಬಿಸಿ ಏರಿ ಬಿದ್ದಿದ್ದಾಗ ಪಾದ್ರಿ ಬಂದು ಕೊನೆಯ ಪ್ರಾರ್ಥನೆಯನ್ನೂ ಮಾಡಿದ್ದರು. ಅಂಥವನು ಮತ್ತೆ ಬಿಸಿಲಿನಲ್ಲಿ ನೀರಿಲ್ಲದೆ ಓಡಿದ. ಇದನ್ನು ಛಲ ಅನ್ನಬಹುದು. ನನಗೆ ಮಾತ್ರ ಭಯವಾಗುತ್ತದೆ. ಓಟಕ್ಕೆ ಹೋಗುವ ಮಕ್ಕಳಿಗೆ ಈ ಭಾಗವನ್ನು ಬಿಡದೆ ಹೇಳಬೇಕು.

ಐದಕ್ಕೆ ಪುಟ್ಟಿಯಂಥವರ ಓಟ ಹೊರಟಿತು, ಮುಂಚೂಣಿಯವರು ಬೇರೆಯಾಗಿ ಆಮೇಲೆ ಹೊರಡುತ್ತಾರೆ. ನಾವು ಚರ್ಚ್‌ಗೇಟಿಗೆ ನಡೆದು, ಲೋಕಲ್ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದೆವು. ರಸ್ತೆಗಳು ಮುಚ್ಚಿರುತ್ತವೆ, ಟ್ಯಾಕ್ಸಿ ನಂಬಬೇಡಿ. ಓಟ ನೋಡಬೇಕು ಅಂದರೆ ರೈಲು, ಇಲ್ಲ ಕಾಲು. ನಾನಾ ಚೌಕದಲ್ಲಿ ಚಹಾ, ಮಸ್ಕಾ ಪಾವ್. ನಡೆದು ಪೆಡ್ಡರ್ ರೋಡಿನ ಏರಿಗೆ ಬರುವಾಗ ಬೆಳಕು ಹರಿದಿತ್ತು.

ಆ ರಸ್ತೆಯ ಜನ ಮನೆಬಾಗಿಲಿನ ಹಬ್ಬ ಮಾಡುವ ಹಾಗೆ ಇಳಿದು ಬಂದಿದ್ದರು. ಢೋಲು ಬಡಿಯುವ ಹುಡುಗರು. ಮಡಚುವ ಮೇಜಿನ ಮೇಲೆ ಬಿಸ್ಕತ್ತು, ಚಿಕ್ಕಿ, ಉಪ್ಪು, ನೋವಿನ ಸ್ಪ್ರೇ. ನಮ್ಮ ಪಕ್ಕದಲ್ಲಿ ಒಬ್ಬರು ಗುಜರಾತಿ ಅಜ್ಜಿ. ಸ್ಟೀಲ್ ತಟ್ಟೆಯಲ್ಲಿ ಕಿತ್ತಳೆ ತೊಳೆ ಬಿಡಿಸಿ, ಒಂದೊಂದರ ಬೀಜ ತೆಗೆದು, ಮೇಲೆ ಚಿಟಿಕೆ ಉಪ್ಪು ಉದುರಿಸಿ ಚಾಚುತ್ತಿದ್ದರು. ಬೀಜ ಯಾಕೆ ತೆಗೆಯುವುದು ಅಂತ ಕೇಳಿದೆ. "ಓಡುವವರು ಉಗಿಯಲು ನಿಲ್ಲಬಾರದಲ್ಲ" ಅಂದರು. ಮೊಮ್ಮಗಳು ಸಿಪ್ಪೆಯನ್ನೆಲ್ಲ ಒಂದು ಬಕೆಟಿಗೆ ತುಂಬುತ್ತಿದ್ದಳು.

ಒಂಬತ್ತರ ಹೊತ್ತಿಗೆ ಬಿಸಿಲು ಚುರುಕಾಯಿತು. ಮುಂದೆ ಬೈಕು, ಟೈಮ್ ತೋರಿಸುವ ಗಾಡಿ, ಅದರ ಹಿಂದೆ ಮುಂಚೂಣಿಯ ಓಟಗಾರರು. ಅವರ ಕಾಲು ನೆಲಕ್ಕೆ ತಾಗುವ ಸದ್ದೇ ಕೇಳಿಸಲಿಲ್ಲ. ಏರು ಅಂತ ವೇಗ ಇಳಿಸಲೂ ಇಲ್ಲ. ಮಾವ ಕೂಗುವುದನ್ನೂ ಮರೆತು ನೋಡುತ್ತಾ ನಿಂತರು. ಈ ಓಟ 2004ರಲ್ಲಿ ಶುರುವಾದಾಗ ಇಷ್ಟು ದೊಡ್ಡವರು ಇಲ್ಲಿಗೆ ಬರುತ್ತಾರೆ ಅಂತ ಅವರು ಅಂದುಕೊಂಡಿರಲಿಲ್ಲವಂತೆ. ಇಥಿಯೋಪಿಯಾದ ಹೈಲೆ ಲೆಮಿ 2016ರಲ್ಲಿ ಬಾಸ್ಟನ್ ಗೆದ್ದವನು. 2023ರಲ್ಲಿ ಮುಂಬೈಗೆ ಬಂದು 2:07:32ರಲ್ಲಿ ಓಡಿ ಇಲ್ಲಿಯ ದಾಖಲೆ ಬರೆದ. ಹಾರ್ಟ್‌ಬ್ರೇಕ್ ಹಿಲ್ ಹತ್ತಿದ ಕಾಲು ಪೆಡ್ಡರ್ ರೋಡನ್ನೂ ಹತ್ತಿತು ಅಂತ ಮಾವನಿಗೆ ಅದೊಂದು ದೊಡ್ಡ ಖುಷಿ.

ಆಮೇಲೆ ನಮ್ಮ ನಿಮ್ಮಂಥವರ ಸಾಲು. ಮುಖದ ಮೇಲೆ ಬೆವರು ಒಣಗಿ ಬಿಳಿ ಉಪ್ಪು. ಅಷ್ಟರಲ್ಲಿ ಅಜ್ಜಿಯ ಕಿತ್ತಳೆ ಚೀಲ ಹರಿದು, ಹಣ್ಣುಗಳೆಲ್ಲ ಇಳಿಜಾರಿನಲ್ಲಿ ಉರುಳಿ ಓಡುವವರ ಕಾಲಿಗೇ ಹೋದವು. ನಾನು, ಮೊಮ್ಮಗಳು, ಒಬ್ಬ ಪೊಲೀಸ್ ಪೇದೆ ಮೂವರೂ ಬಾಗಿ ಹೆಕ್ಕಿದೆವು. ಓಡುತ್ತಿದ್ದ ಒಬ್ಬರು ಎರಡು ಹಣ್ಣು ಎತ್ತಿ ಅಜ್ಜಿಯ ಕೈಗೆ ಕೊಟ್ಟೇ ಮುಂದೆ ಹೋದರು.

ಎದುರಿಗೆ ಒಬ್ಬ ಹುಡುಗ ಮೀನಖಂಡ ಹಿಡಿದುಕೊಂಡು ಕೂತುಬಿಟ್ಟ. ಮಾವ ಹೋಗಿ ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರು. ಹಾಗೆ ಹಿಡಿದುಕೊಂಡೇ ನನಗೆ ಉಳಿದ ಕಥೆ ಹೇಳಿದರು. ಆ ಹುಡುಗನಿಗೂ ಅರ್ಥವಾಗಲಿ ಅಂತ ಹಿಂದಿಯಲ್ಲಿ.

ಕೊನೆಯ ಮೈಲಿಯಲ್ಲಿ ಸಲಜಾರ್ ಮುಂದೆ ಹೋದ. ಅದೇ ಹೊತ್ತಿಗೆ ಬಿಯರ್ಡ್‌ಸ್ಲಿಯ ತೊಡೆಯ ಹಿಂದೆ ಸ್ನಾಯು ಹಿಡಿದುಕೊಂಡಿತು. ಇನ್ನು ಮುಗಿಯಿತು ಅನ್ನುವಾಗ ಅವನ ಕಾಲು ರಸ್ತೆಯ ಒಂದು ಗುಂಡಿಗೆ ಬಿತ್ತು. ಆ ಕುಲುಕಿಗೆ ಹಿಡಿದ ಸ್ನಾಯು ಬಿಟ್ಟುಕೊಂಡಿತು! ಮತ್ತೆ ಓಡಿದ. ಎರಡೂ ಬದಿಯಲ್ಲಿ ಜನ ನುಗ್ಗಿ ಬಂದಿದ್ದರು, ಸಲಜಾರನ ಹಿಂದೆ ಪೊಲೀಸ್ ಬೈಕುಗಳು ಸೇರಿಕೊಂಡಿದ್ದವು. ಬಿಯರ್ಡ್‌ಸ್ಲಿ ಬೈಕನ್ನು ಸುತ್ತಿ ಹಾಯಬೇಕಾಯಿತು. ಹಾದು ಸಲಜಾರನ ಪಕ್ಕಕ್ಕೇ ಬಂದ. ಸಲಜಾರ್ ತಿರುಗಿ ನೋಡಿ ಉಳಿದ ಶಕ್ತಿಯನ್ನೆಲ್ಲ ಹಾಕಿದ. ಎರಡು ಸೆಕೆಂಡು. ಹಿಂದಿನ ವರ್ಷ ಜಪಾನಿನ ತೊಶಿಹಿಕೊ ಸೆಕೊ ಮಾಡಿದ್ದ 2:09:26ರ ಬಾಸ್ಟನ್ ದಾಖಲೆಯನ್ನು ಇಬ್ಬರೂ ಮುರಿದರು. ಒಂದೇ ಓಟದಲ್ಲಿ ಇಬ್ಬರು 2 ಗಂಟೆ 9 ನಿಮಿಷದೊಳಗೆ ಮುಗಿಸಿದ್ದು ಅದೇ ಮೊದಲು.

ಬೈಕು ಅಡ್ಡ ಬರದಿದ್ದರೆ ಬಿಯರ್ಡ್‌ಸ್ಲಿ ಗೆಲ್ಲುತ್ತಿದ್ದನಾ? ಮಾವ ಆ ವಾದಕ್ಕೆ ಹೋಗಲ್ಲ. ನಾನೂ ಹೋಗಲ್ಲ. ಗೆದ್ದವನು ಸರಿಯಾಗಿಯೇ ಗೆದ್ದ. ಆದರೆ ಇಡೀ ಊರಿನ ಎದುರು ಅಷ್ಟು ದೂರ ಮುಂದೆ ನಿಂತು, ಗಾಳಿಗೂ ಬಿಸಿಲಿಗೂ ಎದೆ ಕೊಟ್ಟು ಓಡಿದವನು ಇಲ್ಲದಿದ್ದರೆ ಸಲಜಾರನಿಗೆ 2:08:52 ಎಲ್ಲಿಂದ ಬರುತ್ತಿತ್ತು? ಫಲಿತಾಂಶದ ಪಟ್ಟಿಯಲ್ಲಿ ಎರಡನೇ ಸಾಲನ್ನೂ ಓದಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಮೀನಖಂಡದ ಹುಡುಗ ಎದ್ದು ನಿಂತ. ಮಾವನ ಕಾಲು ಮುಟ್ಟಿ ಕುಂಟುತ್ತಲೇ ಹೊರಟ.

ಪುಟ್ಟಿ ಬಂದದ್ದು ಹತ್ತಕ್ಕೆ ಸ್ವಲ್ಪ ಮೊದಲು. ಅವಳ ಪಕ್ಕದಲ್ಲಿ ಅಮ್ಮನ ವಯಸ್ಸಿನ ಒಬ್ಬರು ಹೆಂಗಸು. ಸಮುದ್ರದ ಮೇಲಿನ ಸೇತುವೆ, ಸೀ ಲಿಂಕ್‌ನಲ್ಲಿ ಪರಿಚಯವಂತೆ. ಒಂದು ಕಂಬದವರೆಗೆ ಒಬ್ಬರು ಮುಂದೆ, ಇನ್ನೊಂದು ಕಂಬದವರೆಗೆ ಇನ್ನೊಬ್ಬರು. ಹಾಗೇ ಮಾಹಿಮ್, ಪ್ರಭಾದೇವಿ, ವರ್ಲಿ ದಾಟಿ ಬಂದಿದ್ದರು. ಅಜ್ಜಿ ಇಬ್ಬರ ಬಾಯಿಗೂ ತೊಳೆ ಇಟ್ಟರು. "ನೀರು?" ಅಂತ ಮಾವ ಕೂಗಿದರು. ಪುಟ್ಟಿ ಖಾಲಿ ಬಾಟಲಿ ಎತ್ತಿ ತೋರಿಸಿದಳು. ಕೆಂಪ್ಸ್ ಕಾರ್ನರಿನ ಕಡೆ ಇಳಿಜಾರು ಶುರುವಾಗುವಾಗ ಆ ಹೆಂಗಸು ಮುಂದೆ ಇದ್ದರು.

ಸಿಎಸ್‌ಎಂಟಿಗೆ ವಾಪಸ್ ಹೋಗಿ ಅವಳನ್ನು ಹುಡುಕಲು ಬಹಳ ಹೊತ್ತು ಹಿಡಿಯಿತು. ಜನಜಂಗುಳಿಯಲ್ಲಿ ಫೋನ್ ಸಿಗುತ್ತಿರಲಿಲ್ಲ. ಎಲ್ಲಿ ಸೇರುವುದು ಅಂತ ಜಾಗ ಮೊದಲೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಕುತ್ತಿಗೆಯಲ್ಲಿ ಪದಕ, ಕಾಲಿನಲ್ಲಿ ಬೊಕ್ಕೆ, ಮುಖದ ತುಂಬ ನಗು. ಮಾವ ಪದಕ ಮುಟ್ಟಿ ನೋಡಿ ಮಾತೇ ಆಡಲಿಲ್ಲ.

ಸೋಮವಾರ

ಮತ್ಸ್ಯಗಂಧ ಹೊರಡುವುದು ಮಧ್ಯಾಹ್ನ. ಬೆಳಗ್ಗೆ ಪುಟ್ಟಿ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಅತ್ತೆ ಬಿಸಿ ನೀರಿಗೆ ಉಪ್ಪು ಹಾಕಿ ಬಕೆಟ್ ಇಟ್ಟರು.

ಆ ಇಬ್ಬರು ಆಮೇಲೆ ಏನಾದರು ಅಂತ ಪುಟ್ಟಿ ಕೇಳಿದಳು. ಸಲಜಾರ್ ಅದೇ ವರ್ಷ ನ್ಯೂಯಾರ್ಕ್ ಮತ್ತೆ ಗೆದ್ದ. 1984ರ ಒಲಿಂಪಿಕ್ಸ್‌ನಲ್ಲಿ 15ನೇ ಸ್ಥಾನಕ್ಕೆ ಇಳಿದ. ಬಹಳ ವರ್ಷದ ನಂತರ, 1994ರಲ್ಲಿ, ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ಗೆದ್ದ. ಕೋಚ್ ಆದ ಮೇಲೆ ಉದ್ದೀಪನ ಮದ್ದಿನ ನಿಯಮ ಮುರಿದದ್ದಕ್ಕೆ 2019ರಲ್ಲಿ ನಾಲ್ಕು ವರ್ಷ ನಿಷೇಧವಾಯಿತು. ಇದನ್ನು ಹೇಳುವಾಗ ಮಾವನ ಸ್ವರ ಇಳಿಯಿತು. ಬಿಯರ್ಡ್‌ಸ್ಲಿಗೆ ಕಾಲಿನ ತೊಂದರೆ, ಮತ್ತೆ ಆ ಎತ್ತರಕ್ಕೆ ಬರಲಿಲ್ಲ. 1989ರಲ್ಲಿ ಹೊಲದ ಯಂತ್ರಕ್ಕೆ ಸಿಕ್ಕಿ ಜೀವ ಉಳಿದದ್ದೇ ಹೆಚ್ಚು. ನೋವಿನ ಮಾತ್ರೆಯ ಚಟ ಹತ್ತಿ, ಸಿಕ್ಕಿಬಿದ್ದು, 1997ರಿಂದ ಅದನ್ನು ಪೂರ್ತಿ ಬಿಟ್ಟ. ಮತ್ತೆ ಓಡಲು ಶುರು ಮಾಡಿದ.

"ಬಾಸ್ಟನ್ನಿಗಿಂತ ಮೊದಲಿನದ್ದು ಹೇಳಿ ಅಪ್ಪ, ಲಂಡನ್ನಿನದ್ದು," ಅಂದಳು ಪುಟ್ಟಿ.

1981ರ ಮಾರ್ಚ್ 29. ಲಂಡನ್ ಮ್ಯಾರಥಾನ್ ಮೊದಲ ಸಲ ನಡೆದ ದಿನ, ಮಳೆ. ಬಿಯರ್ಡ್‌ಸ್ಲಿ ಮತ್ತು ನಾರ್ವೆಯ ಇಂಗೆ ಸೈಮನ್ಸನ್ ಒಬ್ಬರನ್ನೊಬ್ಬರು ಬಿಡಿಸಿಕೊಳ್ಳಲಾಗದೆ ಕೊನೆಗೆ ಕೈ ಕೈ ಹಿಡಿದು ಒಟ್ಟಿಗೇ ಗೆರೆ ದಾಟಿದರು. 2:11:48. ಇಬ್ಬರಿಗೂ ಮೊದಲ ಸ್ಥಾನ.

ಹೊರಡುವ ಹೊತ್ತಿಗೆ ಶೆಟ್ರು ಬಂದರು. ದಾರಿಗೆ ಅಂತ ಬಾಳೆ ಎಲೆಯಲ್ಲಿ ಕಟ್ಟಿದ ಇಡ್ಲಿ, ಚಟ್ನಿ. ಪುಟ್ಟಿ ಬಿಡಲಿಲ್ಲ. ಮುಂಬೈ ಮ್ಯಾರಥಾನಿನಲ್ಲಿ ಹಿರಿಯ ನಾಗರಿಕರ ಓಟ ಅಂತ ಬೇರೆಯೇ ಇದೆ, ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ಮುಂದಿನ ವರ್ಷ ನೀವಿಬ್ಬರೂ ಓಡಬೇಕು ಅಂತ ಪಟ್ಟು ಹಿಡಿದಳು.

"ನಾನು ತಯಾರು," ಅಂದರು ಶೆಟ್ರು. "ಆದರೆ ಕೈ ಹಿಡಿದು ಮುಗಿಸುವುದೆಲ್ಲ ಬೇಡ. ಓಟ ಅಂದರೆ ಓಟ."

"ಹಾಗಾದರೆ ನನ್ನ ಬೆನ್ನ ಹಿಂದೆ ಬರಬೇಡ. ಪಕ್ಕದಲ್ಲಿ ಓಡು," ಅಂದರು ಮಾವ.

ಹೆಸರು ಕೊಡುವುದು ಮಳೆಗಾಲದಲ್ಲೇ ಶುರುವಾಗುತ್ತದೆ, ಬೇಗ ಭರ್ತಿಯೂ ಆಗುತ್ತದೆ. ಪುಟ್ಟಿ ಬಕೆಟಿನಲ್ಲಿ ಕಾಲಿಟ್ಟುಕೊಂಡೇ ಇಬ್ಬರ ಹುಟ್ಟಿದ ತಾರೀಕು, ಬೂಟಿನ ಅಳತೆ ಬರೆದುಕೊಂಡಳು. ಶೆಟ್ರದ್ದು ಒಂಬತ್ತು, ಮಾವನದ್ದು ಎಂಟು.